ಅಡದೆ ಮನೆ, ತಿಂಗಳ ಮನೆ, ಹಬ್ಬದ ಮನೆ

ಸರಗೂರಿನಲ್ಲಿ ಮನೆ ಕೆಲಸಕ್ಕೆ ಹೋಗುವ ನಾವು ಹೆಂಗಸರು ಸಂತೆಯಲ್ಲೋ ಬಸ್‌ಸ್ಟ್ಯಾಂಡಿನಲ್ಲೋ ಸಿಕ್ಕಿದರೆ ಮೊದಲು ಕೇಳುವುದು, "ಈಗ ಎಷ್ಟು ಮನೆ ಅವೆ?" ಎಂದು. ಊಟ ಆಯ್ತಾ, ಮಕ್ಕಳು ಹೆಂಗವ್ರೆ ಎನ್ನುವುದೆಲ್ಲ ಆಮೇಲೆ. ಯುಗಾದಿಗೆ ಮುಂಚೆ ಕೇಳಿದರೆ ಒಂದು ಲೆಕ್ಕ ಬರುತ್ತದೆ, ಆಷಾಢದಲ್ಲಿ ಕೇಳಿದರೆ ಬೇರೆಯೇ ಲೆಕ್ಕ. ಜೂನ್ ತಿಂಗಳಲ್ಲಿ ಮೇಷ್ಟ್ರುಗಳ ವರ್ಗಾವಣೆ ಪಟ್ಟಿ ಬಂತೆಂದರೆ ನಿನ್ನೆ ಇದ್ದ ಮನೆ ಇವತ್ತು ಇರುವುದಿಲ್ಲ. ನನ್ನ ಅಜ್ಜಿಯನ್ನು ಯಾರಾದರೂ ಹೀಗೆ ಕೇಳಿದ್ದರೆ ಆಕೆಗೆ ವಿಚಿತ್ರ ಎನಿಸುತ್ತಿತ್ತು. ಆಕೆ ಮದುವೆಯಾಗಿ ಬಂದಾಗ ಗಂಡನ ಪಾಲಿಗೆ ಎಷ್ಟು ಮನೆ ಇದ್ದವೋ ಅಷ್ಟೇ ಮನೆಗಳ ಬಟ್ಟೆಯನ್ನು ಊರು ಬಿಡುವವರೆಗೂ ಒಗೆದಳು. ಹೊಲದ ಹಾಗೆ ಮನೆಗಳೂ ಅಪ್ಪನಿಂದ ಮಗನಿಗೆ ಬರುತ್ತಿದ್ದ ಆಸ್ತಿಯಾಗಿದ್ದವು.

ನಾವು ಮಡಿವಾಳರು. ನಾನು ಬಟ್ಟೆ ಒಗೆಯುವುದಿಲ್ಲ. ಕಸ ಗುಡಿಸಿ, ನೆಲ ಒರೆಸಿ, ಪಾತ್ರೆ ತೊಳೆದು, ಹಬ್ಬ ಬಂದಾಗ ಅಟ್ಟದಿಂದ ಹಿಡಿದು ಬಚ್ಚಲವರೆಗೆ ಮನೆ ತಿಕ್ಕಿ ಕೊಡುವುದು ನನ್ನ ಕಸುಬು. ಯಾರ ಕೈಕೆಳಗೂ ಇಲ್ಲ. ಎಚ್.ಡಿ. ಕೋಟೆಯ ಕಾಲೇಜಿನಲ್ಲಿ ಬಿ.ಎ. ಓದುವಾಗ ಇತಿಹಾಸ ನನ್ನ ಇಷ್ಟದ ವಿಷಯವಾಗಿತ್ತು. ಆ ಪುಸ್ತಕಗಳಲ್ಲಿ ಗಂಗರು, ಪುನ್ನಾಟದವರು, ಯದುವಂಶದವರು ಇದ್ದರು. ನಮ್ಮ ಕಪಿಲೆಯ ದಡದ ಕಿತ್ತೂರೇ ಪುನ್ನಾಟದ ರಾಜಧಾನಿ ಕೀರ್ತಿಪುರ ಎಂದು ಓದಿದಾಗ ಮೈ ಜುಮ್ಮೆಂದದ್ದು ನಿಜ. ಆದರೆ ಆ ರಾಜಧಾನಿಯ ನೆಲವನ್ನು ಯಾರು ಗುಡಿಸುತ್ತಿದ್ದರು, ಅವರಿಗೆ ಏನು ಕೊಡುತ್ತಿದ್ದರು, ಮಳೆ ಕೈಕೊಟ್ಟ ವರ್ಷ ಅವರು ಏನು ತಿನ್ನುತ್ತಿದ್ದರು ಎಂದು ಯಾವ ಪಾಠವೂ ಹೇಳಲಿಲ್ಲ. ಆ ಲೆಕ್ಕವನ್ನು ನಾನು ಅಜ್ಜಿ, ಅಮ್ಮ ಹೇಳಿದ್ದರಿಂದಲೂ ಕೈಗೆ ಸಿಕ್ಕ ನಾಲ್ಕಾರು ಪುಸ್ತಕಗಳಿಂದಲೂ ಕೂಡಿಸಿಕೊಂಡಿದ್ದೇನೆ.

ಅಜ್ಜಿಯ ಊರು ಈಗ ಕಪಿಲೆಗೆ ಕಟ್ಟಿದ ಕಬಿನಿ ಜಲಾಶಯದ ನೀರಿನಡಿ ಇದೆ. ಆ ಊರಿನಲ್ಲಿ ಹಳೇ ಮೈಸೂರು ಸೀಮೆಯ ಎಲ್ಲ ಊರುಗಳ ಹಾಗೆ ಆಯದವರಿದ್ದರು. ಗೌಡ, ಶಾನುಭೋಗ, ತಳವಾರ, ತೋಟಿ, ನೀರುಗಂಟಿ, ಕಮ್ಮಾರ, ಬಡಗಿ, ಕುಂಬಾರ, ಅಗಸ, ಕ್ಷೌರಿಕ ಹೀಗೆ ಹನ್ನೆರಡು ಕಸುಬು ಎಂದು ಎಣಿಕೆ. ಊರಿನಿಂದೂರಿಗೆ ಒಂದೆರಡು ಹೆಸರು ಬದಲಾಗುತ್ತಿದ್ದವು, ಅಗಸ ಮಾತ್ರ ಎಲ್ಲ ಪಟ್ಟಿಯಲ್ಲೂ ಇರುತ್ತಿದ್ದ. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಶ್ರೀರಂಗಪಟ್ಟಣದ ಸುತ್ತಿನ ಕಣಗಳಲ್ಲಿ ರಾಶಿಯನ್ನು ಹೇಗೆ ಹಂಚುತ್ತಿದ್ದರು ಎಂಬುದನ್ನು ಒಂದೊಂದು ಪಾಲಿನ ಸಮೇತ ಬರೆದಿಟ್ಟಿದ್ದಾನೆ. ದೇವರಿಗೆ ಇಷ್ಟು, ಬ್ರಾಹ್ಮಣರಿಗೆ ಇಷ್ಟು, ಊರಿನ ಕಸುಬಿನವರಿಗೆ ಇಷ್ಟು ಎಂದು ತೆಗೆದ ಮೇಲೆಯೇ ಸರ್ಕಾರ ಮತ್ತು ಒಕ್ಕಲು ಉಳಿದದ್ದನ್ನು ಪಾಲು ಮಾಡಿಕೊಳ್ಳುತ್ತಿದ್ದರು. ಅಗಸನ ಪಾಲು ಸಣ್ಣದು. ಆದರೆ ರಾಶಿ ಇನ್ನೂ ಇಡಿಯಾಗಿದ್ದಾಗಲೇ ಅದು ಅವನ ಮೊರಕ್ಕೆ ಬೀಳುತ್ತಿತ್ತು ಎಂಬುದನ್ನು ನಾನು ಮತ್ತೆ ಮತ್ತೆ ಓದಿದೆ.

ಇದನ್ನು ನಮ್ಮ ಕಡೆ ಅಡದೆ ಎನ್ನುತ್ತಿದ್ದರು. 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ಉಳಿದು ಅಧ್ಯಯನ ಮಾಡಿದ ಎಂ.ಎನ್. ಶ್ರೀನಿವಾಸರು ಆ ಹಳ್ಳಿಗೆ ರಾಂಪುರ ಎಂದು ಹೆಸರಿಟ್ಟು 1976ರಲ್ಲಿ ಪುಸ್ತಕ ಬರೆದರು. ಅದರಲ್ಲಿ ಈ ಅಡದೆಯ ವಿಷಯ ಬರುತ್ತದೆ. ವರ್ಷವಿಡೀ ಕೆಲಸ, ಸುಗ್ಗಿಯಲ್ಲಿ ಒಮ್ಮೆ ಕಾಳು ಮತ್ತು ಹುಲ್ಲು. ಬಟ್ಟೆ ಎಷ್ಟು ಒಗೆದೆ ಎಂದು ಎಣಿಸುವುದಿಲ್ಲ, ಮನೆ ಎಷ್ಟು ದೊಡ್ಡದು ಎಂದು ನೋಡಿ ಕೊಡುವುದು. ಅಜ್ಜಿಯ ಊರಿನಲ್ಲೂ ಹಾಗೆಯೇ ಇತ್ತು. ರಾಗಿ ಕೊಯ್ಯುವಾಗ ಹೊಲದಲ್ಲೇ ಮನೆಗಿಷ್ಟು ಸಿವುಡು ಎತ್ತಿಡುತ್ತಿದ್ದರು. ಬಡಿದು ತೂರಿದ ಮೇಲೆ ಕಣದಲ್ಲಿ ಕೊಳಗದಲ್ಲಿ ಅಳೆದು ಕೊಡುತ್ತಿದ್ದರು. ತಾತ ಕಂಬಳಿ ಹೊದ್ದು ಕಣದ ಅಂಚಿನಲ್ಲಿ ಕೂರುತ್ತಿದ್ದನಂತೆ. ಕೇಳುವ ಹಾಗಿಲ್ಲ, ಕಾಯಬೇಕು. ಸೇರು, ಕೊಳಗ ಹೋಗಿ ಕಿಲೋ ಬಂದ ಕಾಲದಲ್ಲಿ ಅವನಿಗೆ ತಕ್ಕಡಿಯ ಮೇಲೆ ನಂಬಿಕೆಯೇ ಬರಲಿಲ್ಲ. ಕೊಳಗದ ಮೇಲೆ ಗೋಪುರ ಮಾಡಿ ಕೊಡುವ ಕೈ ಯಾವುದು, ಒತ್ತಿ ಸಮ ಮಾಡಿ ಕೊಡುವ ಕೈ ಯಾವುದು ಎಂದು ಅವನಿಗೆ ಗೊತ್ತಿತ್ತು. ತಕ್ಕಡಿಯಲ್ಲಿ ಅದು ತಿಳಿಯುವುದಿಲ್ಲವಲ್ಲ.

ಮನೆಗಳ ಲೆಕ್ಕ ಅಜ್ಜಿಯ ಕೈಯಲ್ಲಿತ್ತು. ಆಕೆ ಓದಿದವಳಲ್ಲ. ಯಾವ ಬಟ್ಟೆ ಯಾವ ಮನೆಯದು ಎಂಬುದಕ್ಕೆ ಗೇರಿನ ಗುರುತು ಹಾಕುತ್ತಿದ್ದಳು. ಕಾಡಿನ ಕರಿಗೇರು ಕಾಯಿಯನ್ನು ಸೂಜಿಯಿಂದ ಚುಚ್ಚಿದರೆ ಕಂದು ರಸ ಬರುತ್ತದೆ. ಅದನ್ನು ಬಟ್ಟೆಯ ಒಳಮಗ್ಗುಲ ಮೂಲೆಗೆ ಮುಟ್ಟಿಸಿ, ಮೇಲೆ ಒಂದಿಷ್ಟು ಒದ್ದೆ ಸುಣ್ಣ ಒತ್ತಿದರೆ ಗುರುತು ಕಪ್ಪಾಗಿ ಹಿಡಿಯುತ್ತದೆ. ಆಮೇಲೆ ಉಬ್ಬೆಯಲ್ಲಿ ಬೇಯಿಸಲಿ, ಕಲ್ಲಿಗೆ ಬಡಿಯಲಿ, ಬಟ್ಟೆ ಹರಿದೀತೇ ವಿನಾ ಗುರುತು ಹೋಗದು. ಆ ರಸ ಚರ್ಮಕ್ಕೆ ತಾಗಿದರೆ ಬೊಬ್ಬೆ ಏಳುತ್ತದೆ. ಅಜ್ಜಿಯ ಬಲಗೈ ಹೆಬ್ಬೆರಳು ಮತ್ತು ತೋರುಬೆರಳಿನ ತುದಿ ಕೊನೆಯವರೆಗೂ ಕಪ್ಪಾಗಿ, ಒರಟಾಗಿ ಇದ್ದವು. ಗೌಡರ ದೊಡ್ಡಮನೆಗೆ ಮೂರು ಚುಕ್ಕಿ. ಆ ಮನೆಯಲ್ಲಿ ಅಣ್ಣತಮ್ಮಂದಿರು ಪಾಲಾದಾಗ ಅಣ್ಣನಿಗೆ ಮೂರು ಚುಕ್ಕಿ ಉಳಿಯಿತು, ತಮ್ಮನಿಗೆ ಮೂರು ಚುಕ್ಕಿಯ ಕೆಳಗೊಂದು ಗೆರೆ ಬಂತು. ತಮ್ಮನ ಮಕ್ಕಳು ಬೇರೆಯಾದಾಗ ಗೆರೆ ಎರಡಾಯಿತು. ಹೀಗೆ ಊರಿನ ಎಲ್ಲ ವಂಶಾವಳಿಯೂ ಒಬ್ಬ ಅಕ್ಷರ ಬಾರದ ಹೆಂಗಸಿನ ಬೆರಳ ತುದಿಯಲ್ಲಿತ್ತು. ಒಂದು ಗುರುತು ಹೆಚ್ಚಾಯಿತೆಂದರೆ ಒಂದು ಅಡದೆ ಹೆಚ್ಚಾಯಿತು ಎಂದೇ ಅರ್ಥ.

ನಮ್ಮವರಲ್ಲೂ ಪಾಲಾಗುತ್ತಿತ್ತು. ಆಗ ಹಂಚಿಕೊಳ್ಳುತ್ತಿದ್ದುದು ಈ ಗುರುತುಗಳನ್ನೇ. ಇಂತಿಂಥ ಮನೆ ದೊಡ್ಡವನಿಗೆ, ಇಂತಿಂಥವು ಚಿಕ್ಕವನಿಗೆ. ಒಬ್ಬನ ಮನೆಯ ಬಟ್ಟೆಯನ್ನು ಇನ್ನೊಬ್ಬ ಮುಟ್ಟುವಂತಿರಲಿಲ್ಲ. ಒಕ್ಕಲಿಗೆ ಸಿಟ್ಟು ಬಂದು ಬೇರೆ ಮಡಿವಾಳನನ್ನು ಕರೆದರೂ ಅವನು ಬರುವಂತಿಲ್ಲ. ಬಂದರೆ ಕುಲದವರು ಕಟ್ಟೆಮನೆಯಲ್ಲಿ ಕೂಡಿಸಿ ತಪ್ಪು ದಂಡ ಹಾಕುತ್ತಿದ್ದರು. ಒಕ್ಕಲು ಮನೆಯವರೂ ಸುಲಭಕ್ಕೆ ಕೈ ಬಿಡುವ ಹಾಗಿರಲಿಲ್ಲ. ಮದುವೆಯಲ್ಲಿ ಮೇಲುಕಟ್ಟು ಕಟ್ಟಲು, ಹೆಣ್ಣುಗಂಡು ನಡೆಯುವ ದಾರಿಗೆ ನಡೆಮಡಿ ಹಾಸಲು, ಪಂಜು ಹಿಡಿಯಲು ಆ ಮನೆಯ ಮಡಿವಾಳನೇ ಬೇಕು. ಹೆರಿಗೆ ಬಟ್ಟೆ, ಮುಟ್ಟಿನ ಬಟ್ಟೆ, ಸಾವಿನ ಮನೆಯ ಮೈಲಿಗೆ ಬಟ್ಟೆ ಎತ್ತುವವರು ಬೇರೆ ಯಾರೂ ಇಲ್ಲ. ಮಡಿವಾಳ ಬರುವುದಿಲ್ಲ ಎಂದರೆ ಮನೆಗೆ ಸೂತಕ ಕಳೆಯದು. ಎರಡು ಕಡೆಯೂ ಗಂಟು ಬಿದ್ದಿತ್ತು.

ಇದರಲ್ಲಿ ಕಷ್ಟಕಾಲ ಹೇಗೆ ಕಳೆಯುತ್ತಿತ್ತು ಎಂಬುದನ್ನು ಚೆನ್ನಾಗಿ ಬಿಡಿಸಿ ಹೇಳಿದ್ದು ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ಹೆಂಗಸು. 1950ರ ದಶಕದಲ್ಲಿ ಮಂಡ್ಯದ ಹತ್ತಿರ ಎರಡು ಹಳ್ಳಿಗಳಲ್ಲಿ ಇದ್ದು, ಅವಕ್ಕೆ ವಂಗಲ, ದಲೇನ ಎಂದು ಮರೆಯ ಹೆಸರು ಕೊಟ್ಟು ಬರೆದವರು. 1967ರಲ್ಲಿ ಬಂದ ಅವರ ಒಂದು ಲೇಖನದ ಸಾರ ಇಷ್ಟು: ವರ್ಷಕ್ಕಿಷ್ಟು ಕಾಳು ಎಂದು ಕಟ್ಟಳೆ ಇದ್ದ ಮೇಲೆ ಬೆಳೆ ಕಡಿಮೆಯಾದ ವರ್ಷವೂ ಕೊಡಬೇಕು, ಬೆಳೆ ಹೆಚ್ಚಾದ ವರ್ಷ ಕಸುಬಿನವನು ಹೆಚ್ಚು ಕೇಳುವಂತಿಲ್ಲ. ಒಳ್ಳೆಯ ವರ್ಷದ ಲಾಭ ಒಕ್ಕಲಿಗೆ, ಕೆಟ್ಟ ವರ್ಷದ ಕಾಳು ಕಸುಬಿನವನಿಗೆ. ನಾನು ಇದನ್ನು ಓದಿದ್ದು ಒಂದು ಆಷಾಢದಲ್ಲಿ. ಮನೆಗಳು ಕಡಿಮೆಯಾಗಿ ಮಧ್ಯಾಹ್ನಕ್ಕೇ ಮನೆಗೆ ಬಂದು ಕೂರುತ್ತಿದ್ದ ದಿನಗಳವು. ನನ್ನ ತಾತ ಮಳೆಯಿಲ್ಲದ ವರ್ಷವೂ ಕಣದ ಅಂಚಿನಲ್ಲಿ ಧೈರ್ಯವಾಗಿ ಕೂತಿದ್ದ ಗುಟ್ಟು ಆಗ ತಿಳಿಯಿತು.

ಆ ಧೈರ್ಯಕ್ಕೂ ಮಿತಿ ಇತ್ತು. ರಾಶಿಯೇ ಇಲ್ಲದಿದ್ದರೆ ಪಾಲೆಲ್ಲಿ? 1876ರಿಂದ 78ರವರೆಗಿನ ದೊಡ್ಡ ಬರದ ವಿಷಯ ನಮ್ಮ ಮನೆಯಲ್ಲಿ ಯಾರ ನೆನಪಿನಲ್ಲೂ ಇಲ್ಲ, ಆದರೆ ಜನಗಣತಿಯಲ್ಲಿದೆ. 1871ರಲ್ಲಿ ಮೈಸೂರು ಸಂಸ್ಥಾನದಲ್ಲಿ 50 ಲಕ್ಷ ದಾಟಿದ್ದ ಜನ 1881ಕ್ಕೆ 42 ಲಕ್ಷದ ಒಳಗೆ ಇಳಿದಿದ್ದರು. ಹೊಲ ಇದ್ದವನು ಬಿತ್ತನೆ ಕಾಳನ್ನಾದರೂ ತಿಂದ. ಹೊಲವಿಲ್ಲದೆ ಕಸುಬೊಂದನ್ನೇ ನಂಬಿದವನಿಗೆ ಅದೂ ಇರಲಿಲ್ಲ. ಒಂದೆರಡು ಕೆಟ್ಟ ವರ್ಷವನ್ನು ಅಡದೆ ತಡೆಯುತ್ತಿತ್ತು. ಬರದ ಮೇಲೆ ಬರ ಬಂದರೆ ಅದೂ ಕೈಬಿಡುತ್ತಿತ್ತು.

ಅಡದೆ ಕೊಡುತ್ತಿದ್ದ ನೆಮ್ಮದಿಗೆ ನಮ್ಮವರು ತೆತ್ತ ಬೆಲೆಯನ್ನು ಅಮ್ಮ ಹೇಳಬೇಕು. ಸುಗ್ಗಿಯ ಕಾಳಿನ ಜೊತೆಗೆ ದಿನಾ ಸಂಜೆ ಹಿಟ್ಟು ಎತ್ತುವ ಪದ್ಧತಿ ಇತ್ತು. ದೀಪ ಹಚ್ಚಿದ ಮೇಲೆ ಮಡಿವಾಳರ ಮನೆಯ ಹೆಂಗಸೋ ಮಕ್ಕಳೋ ಕುಕ್ಕೆ, ಪಾತ್ರೆ ಹಿಡಿದು ಅಡದೆ ಮನೆಗಳ ಮುಂದೆ ನಿಂತರೆ ಒಂದೊಂದು ಮನೆಯಿಂದ ಮುದ್ದೆ, ಮೇಲೊಂದಿಷ್ಟು ಸಾರು ಹಾಕುತ್ತಿದ್ದರು. ಹತ್ತು ಮನೆಯ ಸಾರು ಒಂದೇ ಪಾತ್ರೆಯಲ್ಲಿ. ಅವರೆಕಾಯಿ ಸಾರಿಗೆ ಸೊಪ್ಪಿನ ಸಾರು, ಅದಕ್ಕೆ ಉಪ್ಪೆಸರು. ಅಮ್ಮ ಆಗ ಊರ ಶಾಲೆಯಲ್ಲಿ ನಾಲ್ಕನೇ ಕ್ಲಾಸು. ಹಗಲು ಒಂದೇ ಮಣೆಯ ಮೇಲೆ ಕೂತು ಮಗ್ಗಿ ಹೇಳಿದ ಹುಡುಗಿಯ ಮನೆ ಮುಂದೆ ಸಂಜೆ ಪಾತ್ರೆ ಹಿಡಿದು ನಿಲ್ಲಬೇಕು. ಆ ಹುಡುಗಿಯೇ ಹಿಟ್ಟು ತಂದು, ಕೈ ತಾಗದ ಹಾಗೆ ಮೇಲಿನಿಂದ ಹಾಕುತ್ತಿದ್ದಳಂತೆ. ಅಮ್ಮ ಈಗಲೂ ಯಾರ ಮನೆಯಲ್ಲೂ ಮಿಕ್ಕಿದ್ದನ್ನು ಕಟ್ಟಿಕೊಟ್ಟರೆ ತೆಗೆದುಕೊಳ್ಳುವುದಿಲ್ಲ. ನನಗೂ ಹಾಗೆಯೇ ಕಲಿಸಿದ್ದಾಳೆ. ಕೆಲವು ಮನೆಯವರು ಇದನ್ನು ಜಂಬ ಎಂದುಕೊಳ್ಳುತ್ತಾರೆ.

ಇನ್ನೊಂದು ಮಾತನ್ನೂ ನಾನೇ ಹೇಳಬೇಕು. ನಮ್ಮ ಮಡಿವಾಳರು ಹೊಲೆಮಾದಿಗರ ಕೇರಿಯ ಬಟ್ಟೆ ಮುಟ್ಟುತ್ತಿರಲಿಲ್ಲ. ಊರು ಮುಟ್ಟಗೊಡುತ್ತಿರಲಿಲ್ಲ ಎಂಬುದು ನಿಜ, ನಮ್ಮವರು ತಾವಾಗಿ ಮುಂದೆ ಬರಲಿಲ್ಲ ಎಂಬುದೂ ನಿಜ. ಆ ಕೇರಿಯ ಮನೆಗಳಿಗೆ ಗೇರಿನ ಗುರುತೇ ಇರಲಿಲ್ಲ. ಹನ್ನೆರಡನೇ ಶತಮಾನದ ಮಡಿವಾಳ ಮಾಚಿದೇವರ ಜಯಂತಿಯನ್ನು ನಾವು ಮೆರವಣಿಗೆ ಮಾಡಿ ಆಚರಿಸುತ್ತೇವೆ. ಆ ದಿನ ಈ ವಿಷಯವನ್ನು ವೇದಿಕೆಯ ಮೇಲೆ ಯಾರಾದರೂ ಎತ್ತಲಿ ಎಂದು ನನಗೆ ಆಸೆ.

ಅಡದೆ ಒಂದೇ ಏಟಿಗೆ ಹೋಗಲಿಲ್ಲ. ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು ತೆಗೆದುಹಾಕುವ ಕಾನೂನು 1961ರಲ್ಲಿ ಬಂತು, ಗೌಡಿಕೆ ಶಾನುಭೋಗಿಕೆ ಹೋಗಿ ಸರ್ಕಾರದ ಸಂಬಳದ ಗ್ರಾಮಲೆಕ್ಕಿಗರು ಬಂದರು. ಹುಣಸೂರಿನ ಕಲ್ಲಹಳ್ಳಿಯ ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದಾಗ 1974ರಲ್ಲಿ ಉಳುವವನಿಗೆ ಭೂಮಿ ಬಂತು, ಅದರ ಬೆನ್ನಿಗೇ ಜೀತ ನಿಷೇಧವಾಯಿತು. ಬಟ್ಟೆ ಒಗೆಯುವವನಿಗೆ ಇದರಿಂದ ಹೊಲ ಸಿಗಲಿಲ್ಲ, ಏಕೆಂದರೆ ಅವನು ಗೇಣಿದಾರನೂ ಆಗಿರಲಿಲ್ಲ. ಆದರೆ ಕರೆದಾಗ ಬರುವುದಿಲ್ಲ ಎಂದು ಹೇಳಬಹುದು ಎಂಬ ಗಾಳಿ ಊರಿನಲ್ಲಿ ಬೀಸಿತು.

ನಮ್ಮ ಮನೆಯ ಮಟ್ಟಿಗೆ ಎಲ್ಲವನ್ನೂ ಮುಗಿಸಿದ್ದು ನೀರು. ಬೀಚನಹಳ್ಳಿ, ಬಿದರಹಳ್ಳಿಯ ನಡುವೆ ಕಪಿಲೆಗೆ ಕಟ್ಟುತ್ತಿದ್ದ ಅಣೆಕಟ್ಟೆ 1974ರಲ್ಲಿ ಮುಗಿಯಿತು. ಕಾಕನಕೋಟೆಯ ಕಾಡಿನಲ್ಲಿ ಮಹಾರಾಜರ ಕಾಲದಿಂದ ಆನೆ ಹಿಡಿಯುತ್ತಿದ್ದ ಖೆಡ್ಡಾದ ಜಾಗವೂ ಮಾಸ್ತಿಗುಡಿಯೂ ಹಲವು ಹಳ್ಳಿಗಳೂ ಮುಳುಗಿದವು. ಒಕ್ಕಲುಗಳಿಗೆ ಪರಿಹಾರದ ಮಾತು, ಬದಲಿ ಜಮೀನಿನ ಮಾತು ಇತ್ತು. ಅಡದೆ ಮನೆಗಳಿಗೆ ಪರಿಹಾರ ಕೊಡುವ ಲೆಕ್ಕ ಯಾವ ಫಾರಂನಲ್ಲೂ ಇರಲಿಲ್ಲ. ಮೂರು ಚುಕ್ಕಿಯವರು ಒಂದು ಕಡೆ ಹೋದರು, ಮೂರು ಚುಕ್ಕಿ ಗೆರೆಯವರು ಇನ್ನೊಂದು ಕಡೆ. ಅಜ್ಜಿ ತಾತ ಸರಗೂರಿಗೆ ಬಂದರು. ಹೊಳೆ ಇಲ್ಲೂ ಅದೇ ಕಪಿಲೆ, ಕಲ್ಲುಗಳೂ ಇದ್ದವು. ಆದರೆ ಇಲ್ಲಿನ ಮನೆಗಳಿಗೆ ಇಲ್ಲಿನ ಮಡಿವಾಳರಿದ್ದರು. ಕಟ್ಟೆಮನೆಯ ಅದೇ ನ್ಯಾಯದ ಪ್ರಕಾರ ಅಜ್ಜಿಗೆ ಒಂದು ಮನೆಯೂ ಸಿಗುವಂತಿರಲಿಲ್ಲ.

ಆಗ ಅಮ್ಮನಿಗೆ ಸಿಕ್ಕಿದ್ದು ಅಣೆಕಟ್ಟೆ, ನಾಲೆ ಕೆಲಸಕ್ಕೆಂದು ಬಂದಿದ್ದವರ ಮನೆಗಳು. ಇಂಜಿನಿಯರು, ಓವರ್‌ಸಿಯರು, ಗುಮಾಸ್ತರು. ಅವರು ಯಾವ ಊರಿನವರೋ, ಅವರಿಗೆ ಇಲ್ಲಿ ಅಡದೆಯ ಮಡಿವಾಳರಿರಲಿಲ್ಲ, ಕೊಡಲು ರಾಗಿ ರಾಶಿಯೂ ಇರಲಿಲ್ಲ. ತಿಂಗಳ ಮೊದಲ ವಾರದಲ್ಲಿ ದುಡ್ಡು ಕೊಡುತ್ತಿದ್ದರು. ಓವರ್‌ಸಿಯರ ಹೆಂಡತಿ ಒಬ್ಬರು ಬಟ್ಟೆಯ ಜೊತೆ ನೆಲ ಒರೆಸಿ ಪಾತ್ರೆಯನ್ನೂ ತೊಳೆದುಕೊಡು ಎಂದರಂತೆ. ನಮ್ಮ ಮನೆಯಲ್ಲಿ ಮನೆಗೆಲಸ ಎನ್ನುವುದು ಹೀಗೆ ಶುರುವಾಯಿತು. ಹಳ್ಳಿಯಲ್ಲಿ ಇನ್ನೊಬ್ಬರ ಮನೆ ನೆಲ ಸಾರಿಸುವುದು ಕಸುಬೇ ಆಗಿರಲಿಲ್ಲ. ಸಗಣಿ ಹಾಕಿ ಸಾರಿಸುವುದು, ಕೆಮ್ಮಣ್ಣು ಬಳಿಯುವುದು, ಸುಣ್ಣ ಹೊಡೆಯುವುದು ಆ ಮನೆಯ ಹೆಂಗಸರ ಪಾಲು, ಉಳ್ಳವರ ಮನೆಯಲ್ಲಾದರೆ ಜೀತದಾಳುಗಳ ಪಾಲು. ಸಿಮೆಂಟಿನ ನೆಲ, ರೆಡ್‌ಆಕ್ಸೈಡ್ ನೆಲ ಬಂದ ಮೇಲೆ, ನಲ್ಲಿ ನೀರು ಬಂದ ಮೇಲೆ, ಮನೆಯೊಡತಿಯೂ ಕೆಲಸಕ್ಕೆ ಹೋಗತೊಡಗಿದ ಮೇಲೆ ಅದು ಕೂಲಿಯ ಕೆಲಸವಾಯಿತು. ಅಮ್ಮನ ಕೈಗೆ ಮೊದಲ ತಿಂಗಳ ನೋಟುಗಳು ಬಂದ ದಿನ ಮನೆಯಲ್ಲೇ ಅಕ್ಕಿ ಬೇಯಿಸಿದರು. ಅಂದಿನಿಂದ ನಮ್ಮ ಮನೆಯವರು ಹಿಟ್ಟು ಎತ್ತಲು ಹೋಗಲಿಲ್ಲ.

ಇಸ್ತ್ರಿ ಪೆಟ್ಟಿಗೆ, ಟೆರಿಲಿನ್, ಡಬ್ಬಿಯ ಸೋಪಿನ ಪುಡಿ, ಕಡೆಗೆ ವಾಷಿಂಗ್ ಮಷೀನು ಇವುಗಳ ಕಥೆ ಎಲ್ಲರಿಗೂ ಗೊತ್ತಿರುವುದೇ. ನಮ್ಮ ಗಂಡಸರು ಇಸ್ತ್ರಿ ಅಂಗಡಿ ಇಟ್ಟರು. ಹೆಂಗಸರು ಮನೆಗೆಲಸಕ್ಕೆ ಬಂದರು.

ನಾಲೆಯ ಕೆಲಸವೂ ಮುಗಿದಂತೆ ಇಂಜಿನಿಯರು, ಗುಮಾಸ್ತರ ಆ ಮನೆಗಳು ಒಂದೊಂದಾಗಿ ಖಾಲಿಯಾದವು. ಮನೆ ಎನ್ನುವುದು ಬಂದು ಹೋಗುವ ವಸ್ತು ಎಂದು ಅಮ್ಮ ಕಲಿತದ್ದು ಆಗ. ಓವರ್‌ಸಿಯರರಿಗೆ ವರ್ಗವಾದದ್ದು ಸಾಮಾನು ಕಟ್ಟುವ ದಿನವೇ ಅವಳಿಗೆ ತಿಳಿಯಿತಂತೆ. ಅದೇ ಅಮ್ಮನಿಂದ ನನಗೆ ಬಂದ ಆಸ್ತಿ. ಅಜ್ಜಿಗೆ ಗುರುತುಗಳಿದ್ದವು, ನನಗಿರುವುದು ಈ ಎಚ್ಚರ.

ನನ್ನ ಮನೆಗಳಲ್ಲಿ ಮೂರು ಬಗೆ. ತಿಂಗಳ ಮನೆ ಎಂದರೆ ದಿನಾ ಹೋಗುವುದು, ಕಸ, ನೆಲ, ಪಾತ್ರೆ. ವಾರದ ಮನೆ ಎಂದರೆ ಭಾನುವಾರವೋ ಅಮಾವಾಸ್ಯೆ ಹಿಂದಿನ ದಿನವೋ ಹೋಗಿ ಬಚ್ಚಲು, ಕಿಟಕಿ, ಫ್ಯಾನು ತೊಳೆದು ಬರುವುದು. ಹಬ್ಬದ ಮನೆ ಎಂದರೆ ವರ್ಷಕ್ಕೆ ಒಂದೆರಡು ಸಲ ಮಾತ್ರ ಕರೆಯುವವರು. ಯುಗಾದಿ, ಗೌರಿ, ಪಿತೃಪಕ್ಷದ ಎಡೆ, ಆಯುಧಪೂಜೆ, ದೀಪಾವಳಿಯಲ್ಲಿ ನಾವು ಮನೆ ಹಿಡಿಯಲಾರದಷ್ಟು ಕರೆ. ಅಟ್ಟದ ತಾಮ್ರದ ಹಂಡೆಗಳನ್ನೆಲ್ಲ ಇಳಿಸಿ ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕಬೇಕು. ಆಷಾಢದಲ್ಲಿ, ಧನುರ್ಮಾಸದಲ್ಲಿ ಮದುವೆಯಿಲ್ಲ, ಗೃಹಪ್ರವೇಶವಿಲ್ಲ, ನೆಂಟರಿಲ್ಲ, ನಮಗೆ ಕರೆಯಿಲ್ಲ.

ಪಟ್ಟಣದ ಕೆಲಸವಾದರೂ ನನ್ನ ಮನೆಗಳು ಹೊಲವನ್ನು ಬಿಟ್ಟಿಲ್ಲ. ನಮ್ಮ ಕಡೆ ಮುಂಗಾರಿಗೆ ಮುಂಚೆಯೇ ಹತ್ತಿ ಬಿತ್ತುತ್ತಾರೆ, ಆಗಸ್ಟ್ ಕಳೆದರೆ ಬಿಡಿಸಲು ಶುರು. ಹುಣಸೂರು, ಪಿರಿಯಾಪಟ್ಟಣ, ಕೋಟೆಯ ಕಡೆ ತಂಬಾಕು. ಹರಾಜು ಕಟ್ಟೆಗಳಲ್ಲಿ ವರ್ಜೀನಿಯಾ ಹೊಗೆಸೊಪ್ಪಿನ ಹರಾಜು ದಸರೆಯ ಆಸುಪಾಸಿನಲ್ಲಿ ಆರಂಭವಾಗಿ ಬೇಸಿಗೆಯ ಹೊತ್ತಿಗೆ ಮುಗಿಯುತ್ತದೆ. ಹತ್ತಿಗೆ ಒಳ್ಳೆ ರೇಟು ಸಿಕ್ಕಿದ ವರ್ಷ ದೀಪಾವಳಿಗೆ ಬಣ್ಣ ಹೊಡೆಸುವವರು ಹೆಚ್ಚು, ಬಣ್ಣ ಹೊಡೆಸಿದ ಮೇಲೆ ನೆಲದ ಕಲೆ ತೆಗೆಯಲು ನಾವು ಬೇಕೇ ಬೇಕು. ರೇಟು ಬಿದ್ದ ವರ್ಷ ಮನೆಯವರೇ ಸೀರೆ ಎತ್ತಿ ಕಟ್ಟಿ ತೊಳೆದುಕೊಳ್ಳುತ್ತಾರೆ. ತಾತನ ಕಾಲದಲ್ಲಿ ಕೆಟ್ಟ ವರ್ಷವೂ ಅಡದೆ ಇತ್ತು. ನನ್ನ ಕಾಲದಲ್ಲಿ ಕೆಟ್ಟ ವರ್ಷ ಮೊದಲು ಬಿಡಿಸುವುದು ನನ್ನನ್ನೇ. ಅವರನ್ನು ದೂರುವುದಿಲ್ಲ, ಸಾಲ ಅವರನ್ನೂ ಕಿತ್ತು ತಿನ್ನುತ್ತಿರುತ್ತದೆ.

ಮನೆ ಕಡಿಮೆಯಾದಾಗ ಹತ್ತಿ ಬಿಡಿಸಲು ಹೋಗುತ್ತೇನೆ, ಶುಂಠಿ ಹೊಲಕ್ಕೂ ಹೋಗಿದ್ದೇನೆ. ಉದ್ಯೋಗ ಖಾತ್ರಿಯ ಜಾಬ್ ಕಾರ್ಡು ಹಳ್ಳಿಯವರಿಗೆ ಮಾತ್ರ. ಸರಗೂರು ಪಟ್ಟಣ ಪಂಚಾಯಿತಿಯಾದ್ದರಿಂದ ನಮಗೆ ಅದಿಲ್ಲ. 2018ರಲ್ಲಿ ಸರಗೂರು ತಾಲ್ಲೂಕಾಯಿತು. ಕಚೇರಿಗಳು ಬಂದಂತೆ ಬಾಡಿಗೆ ಮನೆಗಳು ತುಂಬಿದವು. ವಿವೇಕಾನಂದ ಆಸ್ಪತ್ರೆಯ ಸುತ್ತಮುತ್ತ ಮೊದಲೇ ನರ್ಸುಗಳ, ಡಾಕ್ಟರುಗಳ ಮನೆಗಳಿದ್ದವು. ತಾಲ್ಲೂಕಾಗಿದ್ದರಿಂದ ನಮಗೆ ಬಂದ ಲಾಭ ಎಂದರೆ ಇದು: ಒಬ್ಬರು ವರ್ಗವಾಗಿ ಹೋದರೂ ಆ ಕುರ್ಚಿಗೆ ಇನ್ನೊಬ್ಬರು ಬಂದೇ ಬರುತ್ತಾರೆ. ಹೋಗುವವರ ಕೈಯಲ್ಲಿ ಬರುವವರ ನಂಬರು ಕೇಳಿ ಇಟ್ಟುಕೊಳ್ಳುತ್ತೇನೆ.

2019ರ ಆಗಸ್ಟ್‌ನಲ್ಲಿ ಕಪಿಲೆ ಉಕ್ಕಿದಾಗ ಹೊಳೆ ದಂಡೆಯ ಮನೆಗಳ ಕೆಸರು ಎತ್ತಲು ಕರೆದರು. ಆ ಕೆಲಸಕ್ಕೆ ನಾವು ಅರ್ಧ ಕೂಲಿ ಮಾತ್ರ ತೆಗೆದುಕೊಂಡೆವು. ಮುಂದಿನ ವರ್ಷ ಏನು ಬರುತ್ತದೆ ಎಂದು ಯಾರಿಗೆ ಗೊತ್ತಿತ್ತು? 2020ರ ಮಾರ್ಚ್ 25ರಂದು ಯುಗಾದಿ. ಅದೇ ದಿನದಿಂದ ಲಾಕ್‌ಡೌನ್. ಹಬ್ಬದ ಮನೆಗಳನ್ನು ತಿಕ್ಕಿ ಮುಗಿಸಿದ್ದೆ. ಕೆಲವರು ಹಬ್ಬ ಕಳೆದು ಕೊಡುತ್ತೇನೆ ಎಂದಿದ್ದರು. ಆಮೇಲೆ ಗೇಟಿನ ಹತ್ತಿರ ಬರಬೇಡ ಎಂದರು. ಮೈಲಿಗೆ ಎಂದು ದೂರ ನಿಲ್ಲಿಸುತ್ತಿದ್ದ ಕಾಲವನ್ನು ಅಮ್ಮ ನೆನೆಸಿಕೊಂಡು ಅತ್ತಳು. ಇಬ್ಬರು ಮಾತ್ರ, ಒಬ್ಬರು ನರ್ಸು, ಇನ್ನೊಬ್ಬರು ರಿಟೈರ್ಡ್ ಮೇಷ್ಟ್ರು, ಕೆಲಸವಿಲ್ಲದ ತಿಂಗಳುಗಳಿಗೂ ಸಂಬಳ ಕಳಿಸಿದರು.

ಆ ವರ್ಷದ ಮೇ 6ರಂದು ರಾಜ್ಯ ಸರ್ಕಾರ 1,610 ಕೋಟಿ ರೂಪಾಯಿಯ ಪರಿಹಾರ ಪ್ರಕಟಿಸಿತು. ಅಗಸರಿಗೆ, ಕ್ಷೌರಿಕರಿಗೆ ತಲಾ 5,000 ರೂಪಾಯಿ. ಇಸ್ತ್ರಿ ಅಂಗಡಿಯ ನಮ್ಮ ಭಾವ ಅರ್ಜಿ ಹಾಕಿದ. ನನ್ನ ಕೆಲಸದ ಹೆಸರು ಅದರಲ್ಲಿ ಇರಲಿಲ್ಲ. ಮರುವರ್ಷ, 2021ರ ಮೇ ತಿಂಗಳಿನ ಪರಿಹಾರದಲ್ಲಿ ಅಗಸ, ಕ್ಷೌರಿಕ, ಕುಂಬಾರ, ಕಮ್ಮಾರ, ಅಕ್ಕಸಾಲಿಗ, ಟೈಲರ್, ಹಮಾಲಿ, ಚಿಂದಿ ಆಯುವವರು, ಅವರ ಜೊತೆಗೆ ಮನೆಗೆಲಸದವರು. ತಲಾ 2,000. ಆ ಪಟ್ಟಿಯನ್ನು ಪೇಪರಿನಲ್ಲಿ ಓದುವಾಗ ನನಗೆ ಬುಕಾನನ್ನನ ಕಣ ಕಣ್ಣಮುಂದೆ ಬಂತು. ಅಗಸ, ಕಮ್ಮಾರ, ಕುಂಬಾರ, ಕ್ಷೌರಿಕ, ಅಂದು ರಾಶಿಯ ಸುತ್ತ ಮೊರ ಹಿಡಿದು ನಿಂತಿದ್ದವರೇ ಇನ್ನೂರ ಇಪ್ಪತ್ತು ವರ್ಷದ ಮೇಲೆ ಅಸಂಘಟಿತ ಕಾರ್ಮಿಕರು ಎಂಬ ಹೊಸ ಹೆಸರಿನಲ್ಲಿ ಒಂದೇ ಸಾಲಿನಲ್ಲಿದ್ದರು. ಈ ಸಲ ಆ ಸಾಲಿನಲ್ಲಿ ನಾನೂ ಇದ್ದೆ.

ಮನೆಗೆಲಸದವರಿಗೆ ಕನಿಷ್ಠ ಕೂಲಿಯನ್ನು 2004ರಲ್ಲೇ ಗೊತ್ತುಮಾಡಿದ ರಾಜ್ಯ ನಮ್ಮದು. ಬೆಂಗಳೂರಿನ ಹೆಂಗಸರು ಸಂಘ ಕಟ್ಟಿ ವರ್ಷಗಟ್ಟಲೆ ಹೋರಾಡಿ ಅದನ್ನು ತಂದರು, ಅವರಿಗೆ ನಾನು ಋಣಿ. 2011ರಲ್ಲಿ ಜಿನೀವಾದಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ನಮ್ಮ ಕೆಲಸಕ್ಕೆಂದೇ 189ನೇ ಒಪ್ಪಂದ ಮಾಡಿತು, ಭಾರತ ಅದನ್ನು ಇನ್ನೂ ಸ್ಥಿರೀಕರಿಸಿಲ್ಲ. ಆದರೆ ಸರಗೂರಿನಲ್ಲಿ ಗಂಟೆಯ ಲೆಕ್ಕ ಹೇಳಿ ಕೂಲಿ ಕೇಳಿದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎನ್ನುತ್ತಾರೆ. ಬೇರೆಯವರು ಸಿಕ್ಕೇ ಸಿಗುತ್ತಾರೆ. ನಮ್ಮ ಬೇಗುದಿಯ ಬೇರು ಅಲ್ಲಿದೆ.

ಕಟ್ಟೆಮನೆಯ ನ್ಯಾಯ ನನಗೆ ನೆನಪಾದದ್ದು ಆಗಲೇ. ಅಮ್ಮ ಪಟ್ಟ ಅವಮಾನ ಬೇಡ, ಕುಲದ ದಂಡ ಬೇಡ, ಆದರೆ ಒಬ್ಬರ ಮನೆಯನ್ನು ಇನ್ನೊಬ್ಬರು ಕಿತ್ತುಕೊಳ್ಳಬಾರದು ಎಂಬ ಒಂದು ಕಟ್ಟಳೆ ನಮಗೂ ಬೇಕಲ್ಲ ಎನಿಸಿತು. ಲಾಕ್‌ಡೌನ್ ತೆರೆದ ಮೇಲೆ ನಾವು ನಾಲ್ವರು ಮಾತಾಡಿಕೊಂಡೆವು. ನಾನು ಮಡಿವಾಳಿತಿ, ಒಬ್ಬಳು ನಾಯಕರವಳು, ಒಬ್ಬಳು ಸಾಬರವಳು, ಒಬ್ಬಳು ಆದಿಕರ್ನಾಟಕ ಕೇರಿಯವಳು. ಯಾರನ್ನಾದರೂ ಬಿಡಿಸಿ ನಮ್ಮಲ್ಲಿ ಇನ್ನೊಬ್ಬಳನ್ನು ಕರೆದರೆ, ಬಿಟ್ಟವಳನ್ನು ಕೇಳದೆ ಹೋಗುವುದಿಲ್ಲ. ಹಬ್ಬದ ಮನೆಗಳಿಗೆ ಇಬ್ಬಿಬ್ಬರಾಗಿ ಹೋಗುತ್ತೇವೆ. ಯಾರಿಗೆ ತಿಂಗಳ ಮನೆ ಕಡಿಮೆಯೋ ಅವಳಿಗೆ ಹಬ್ಬದ ಮನೆ ಮೊದಲು. ಹಬ್ಬದ ತಿಂಗಳು ಬಂದದ್ದರಲ್ಲಿ ಒಂದು ಪಾಲು ಚೀಟಿಗೆ ಹಾಕಿ, ಆಷಾಢದಲ್ಲಿ ಎತ್ತುತ್ತೇವೆ. ತಿಂಗಳ ಮನೆಯವರು ಬೇಸಿಗೆಯಲ್ಲಿ ಊರಿಗೆ ಹೋದರೆ ಅರ್ಧ ಸಂಬಳ ಕೊಡಬೇಕು ಎಂದು ಸೇರುವಾಗಲೇ ಹೇಳುತ್ತೇವೆ. ಕೆಲವರು ಒಪ್ಪುತ್ತಾರೆ. ಒಪ್ಪದವರ ಮನೆಯನ್ನು ಬಿಡುವಷ್ಟು ಶಕ್ತಿ ನಮಗಿನ್ನೂ ಬಂದಿಲ್ಲ.

2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿಲ್ಲ. ಇದರಿಂದ ನಮ್ಮ ಮನೆಗಳ ಸರಹದ್ದೇ ಬದಲಾಯಿತು. ಈಗ ಕೋಟೆಗೂ ನಂಜನಗೂಡಿಗೂ ಹಬ್ಬದ ಮನೆ ಹಿಡಿಯುತ್ತೇವೆ. ಮೊದಲು ಬಸ್ ಚಾರ್ಜೇ ಅರ್ಧ ಕೂಲಿ ತಿನ್ನುತ್ತಿತ್ತು. ಅದೇ ವರ್ಷ ಬಂದ ಗೃಹಲಕ್ಷ್ಮಿಯ 2,000 ರೂಪಾಯಿ ಮನೆ ಇದ್ದರೂ ಇಲ್ಲದಿದ್ದರೂ ಬರುವ ದುಡ್ಡು. ಕೆಲವೊಮ್ಮೆ ತಡವಾಗುತ್ತದೆ, ಆದರೆ ಬಂದ ತಿಂಗಳು ರೇಷನ್ ಅಂಗಡಿಯ ಅಕ್ಕಿಯ ಜೊತೆ ಅದೂ ಸೇರಿದರೆ ಮನೆ ನಡೆಯುತ್ತದೆ. ಯಾರ ಬಾಗಿಲಲ್ಲೂ ಪಾತ್ರೆ ಹಿಡಿದು ನಿಲ್ಲದೆ ಬರುವ ಅಡದೆ ಇದು ಎಂದು ಅಮ್ಮ ಹೇಳುತ್ತಾಳೆ. ನಾನು ಅವಳ ಮಾತನ್ನು ಒಪ್ಪುತ್ತೇನೆ.

ನಾಲ್ವರ ಕಟ್ಟಳೆಯಲ್ಲಿ ಆಮೇಲೆ ಒಂದು ಸೇರಿಸಿದೆವು. ನಾವು ಇಬ್ಬರು ಹೋದಾಗ ಕೆಲವು ಮನೆಗಳಲ್ಲಿ, ಇವಳು ಅಡುಗೆಮನೆ ಮಾಡಲಿ, ಅವಳು ಬಚ್ಚಲು, ಅಂಗಳ ಮಾಡಲಿ ಎನ್ನುತ್ತಾರೆ. ಬಾಯಿಬಿಟ್ಟು ಜಾತಿ ಕೇಳುವುದಿಲ್ಲ. ಯಾವ ಬೀದಿ, ಯಾರ ಮನೆ ಎಂದು ಕೇಳಿ ತಿಳಿದುಕೊಳ್ಳುತ್ತಾರೆ. ಬಚ್ಚಲು ಯಾವಾಗಲೂ ಆದಿಕರ್ನಾಟಕ ಕೇರಿಯವಳ ಪಾಲಿಗೇ ಬರುತ್ತದೆ. ಒಂದು ಗೌರಿ ಹಬ್ಬದ ಹಿಂದಿನ ದಿನ ಹೀಗಾದಾಗ ಅವಳು ಏನೂ ಹೇಳದೆ ಪೊರಕೆ ತೆಗೆದುಕೊಂಡು ಹೊರಟಳು, ನಾನು ತಡೆದೆ. ಅಡುಗೆಮನೆಗೆ ನಮ್ಮಲ್ಲಿ ಒಬ್ಬಳು ಬೇಡವೆಂದರೆ ಆ ಮನೆಗೆ ನಾಲ್ವರಲ್ಲಿ ಯಾರೂ ಹೋಗುವುದಿಲ್ಲ ಎಂದು ಅಂದು ಸಂಜೆ ತೀರ್ಮಾನ ಮಾಡಿದೆವು. ಅದರಿಂದ ಒಂದು ತಿಂಗಳ ಮನೆ, ಎರಡು ಹಬ್ಬದ ಮನೆ ಹೋದವು. ತಿಂಗಳ ಮನೆಯ ಜಾಗ ಮಾರ್ಚ್‌ವರೆಗೂ ತುಂಬಲಿಲ್ಲ, ಆ ನಷ್ಟವನ್ನು ನಾಲ್ವರೂ ಹಂಚಿಕೊಂಡೆವು. ಯುಗಾದಿಗೆ ಮುಂಚೆ ಆಸ್ಪತ್ರೆ ರಸ್ತೆಯ ಒಂದು ಮನೆ ಸಿಕ್ಕಿತು. ಅಲ್ಲಿ ಅಡುಗೆಮನೆ ಅವಳೇ ಮಾಡುತ್ತಾಳೆ, ಬಚ್ಚಲು ನಾನು.